ಮೂಗು ಅಡ್ಡ ಬಂತು: ಅಗಲ ನೋಟದ ವಿಆರ್ ಹೆಡ್‌ಸೆಟ್ ಕಟ್ಟಿದ ನನ್ನ ಅನುಭವ

ಸದ್ಯ ನನ್ನ ಮೇಜಿನ ಮೇಲೆ ಮೂರು ವಿಆರ್ ಹೆಡ್‌ಸೆಟ್ ಇವೆ, ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಬರೆದ ಲೋಕದೊಳಗೇ ನಿಂತ ಹಾಗೆ ತೋರಿಸುವ ಡಬ್ಬಿಗಳು. ಮೂರೂ ನಾನೇ ಕಟ್ಟಿದ್ದು. ಎರಡು ಕೆಲಸಕ್ಕೆ ಬಾರದವು. ಮೂರನೆಯದನ್ನು ತಲೆನೋವಿಲ್ಲದೆ ಅರ್ಧ ಗಂಟೆ ಹಾಕಿಕೊಳ್ಳಬಹುದು. ಅಷ್ಟಕ್ಕೆ ಎರಡು ವರ್ಷದ ಭಾನುವಾರಗಳು ಹೋದವು.

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಹೆಡ್‌ಸೆಟ್‌ಗಳ ನೋಟ ಅಡ್ಡಕ್ಕೆ ಸುಮಾರು 100 ಡಿಗ್ರಿ. ನಮ್ಮ ಎರಡು ಕಣ್ಣಿಗೆ ಸೇರಿ 200 ಡಿಗ್ರಿಯಷ್ಟು ಕಾಣುತ್ತದೆ. ಉಳಿದದ್ದೆಲ್ಲ ಕಪ್ಪು. ಜಟಕಾ ಕುದುರೆಯ ಕಣ್ಣುಪಟ್ಟಿ ನೆನಪಿದೆಯಾ? ಹಾಗೆ. 2013ರಲ್ಲೇ ಫ್ರಾನ್ಸಿನ ಇನ್ಫಿನಿಟ್‌ಐ ತಂಡ ಎರಡು ಪರದೆ, ಫ್ರೆನೆಲ್ ಲೆನ್ಸ್ (ಉಂಗುರ ಉಂಗುರವಾಗಿ ಕೊರೆದ ತೆಳು ಲೆನ್ಸ್) ಜೋಡಿಸಿ 210 ಡಿಗ್ರಿ ತೋರಿಸಿತ್ತು. ಮುಂದೆ ಅದೇ ಸ್ಟಾರ್‌ವಿಆರ್ ಆಯಿತು. ಅವರು ಮಾಡಿದ್ದನ್ನು ನಾನೂ ಮಾಡಬಹುದು ಅಂದುಕೊಂಡೆ. ಎರಡು ದೊಡ್ಡ ಪರದೆ, ಎರಡು ಹೆಚ್ಚು ಪವರಿನ ಲೆನ್ಸ್, ಅಷ್ಟೇ ತಾನೇ?

ಕಣ್ಣಿಗೊಂದರಂತೆ 5.5 ಇಂಚಿನ ಪರದೆ ತರಿಸಿದೆ, 2560 x 1440 ಪಿಕ್ಸೆಲ್‌ನದು. 50 ಮಿ.ಮೀ. ಫೋಕಲ್ ದೂರದ ಫ್ರೆನೆಲ್ ಲೆನ್ಸ್ ತಂದೆ. ತಂತಿ, ಸ್ಕ್ರೂ, ತಲೆ ತಿರುಗಿದ್ದನ್ನು ಅಳೆಯುವ ಮೋಷನ್ ಸೆನ್ಸರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕವು. ಡಬ್ಬಿಯನ್ನು 3ಡಿ ಪ್ರಿಂಟ್ ಮಾಡಿಸಿದೆ. ಲೆಕ್ಕ ಚೆನ್ನಾಗಿಯೇ ಇತ್ತು. ಪರದೆಯ ಅಗಲ 121 ಮಿ.ಮೀ., ಲೆನ್ಸ್ 50 ಮಿ.ಮೀ. ದೂರದಲ್ಲಿ. ಅಂದರೆ ಒಂದು ಕಣ್ಣಿಗೆ ಸುಮಾರು 100 ಡಿಗ್ರಿ.

ಜೋಡಿಸಲು ಕೂತಾಗ ಗೊತ್ತಾಯಿತು, ಪರದೆಗಳು ಮೂಗಿನ ಮುಂದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ! ನನ್ನ ಎರಡು ಕಣ್ಣಿನ ನಡುವೆ ಇರುವುದು 64 ಮಿ.ಮೀ. ಪರದೆಯ ನಡುಭಾಗ ಕಣ್ಣಿಗೆ ನೇರ ಬಂದರೆ ಒಳಗಿನ ಅರ್ಧ 60 ಮಿ.ಮೀ. ಮೂಗಿನ ಕಡೆ ಚಾಚಬೇಕು. ಅಲ್ಲಿರುವ ಜಾಗ 32. ಕಾಗದದ ಮೇಲೆ ಒಂದು ಕಣ್ಣನ್ನು ಮಾತ್ರ ಬರೆದು ಲೆಕ್ಕ ಹಾಕಿದ್ದೆ, ಪಕ್ಕದಲ್ಲಿ ಇನ್ನೊಂದು ಕಣ್ಣಿದೆ ಅನ್ನೋದೇ ಮರೆತಿತ್ತು.

ಸರಿ, ಎರಡನೆಯ ಡಬ್ಬಿಯಲ್ಲಿ ಎರಡೂ ಪರದೆಯನ್ನು ಹೊರಗಡೆಗೆ ವಾಲಿಸಿದೆ, 30 ಡಿಗ್ರಿ. ಒಟ್ಟು ನೋಟ 160 ಆಯಿತು. ಖುಷಿಯಿಂದ ಹಾಕಿಕೊಂಡೆ. ಐದು ನಿಮಿಷದಲ್ಲಿ ತೆಗೆದಿಟ್ಟೆ. ಅಗಲ ಬಂದಿತ್ತು, ಆದರೆ ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವ ಭಾಗ 40 ಡಿಗ್ರಿಗೆ ಇಳಿದಿತ್ತು. ಆಳ ತಿಳಿಯುವುದು ಆ ಭಾಗದಲ್ಲಿ ಮಾತ್ರ. ಅದರ ಎರಡು ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಬಾಗಿದ ಕಪ್ಪು ನೆರಳು ಬೇರೆ. ಎಲ್ಲಿ ನೋಡಿದರೂ ಆ ನೆರಳೇ ಕಣ್ಣಿಗೆ ಬೀಳುತ್ತಿತ್ತು.

ಮೂರನೆಯ ಡಬ್ಬಿಯಲ್ಲಿ ವಾಲಿಕೆಯನ್ನು 15ಕ್ಕೆ ಇಳಿಸಿದೆ. ಆಗಲೂ ಪರದೆಗಳು ತಾಗುತ್ತಿದ್ದವು. ಲೆನ್ಸ್ ಇದ್ದಲ್ಲೇ ಬಿಟ್ಟು, ಪರದೆಯನ್ನು ಮಾತ್ರ 10 ಮಿ.ಮೀ. ಹೊರಕ್ಕೆ ಜರುಗಿಸಿದೆ. ಒಟ್ಟು 139 ಡಿಗ್ರಿ, ನಡುವೆ ಕೂಡುವ ಭಾಗ 60. ಕಳೆದುಕೊಂಡ 21 ಡಿಗ್ರಿಗೆ ನನಗೆ ಬೇಜಾರಿಲ್ಲ. ಜಾಹೀರಾತಿನಲ್ಲಿ ಹಾಕುವ ಒಟ್ಟು ಅಗಲದ ಅಂಕಿಯನ್ನು ಆಮೇಲೆ ನಾನು ನಂಬೋದು ಬಿಟ್ಟೆ. ನಡುವೆ ಎಷ್ಟು ಕೂಡುತ್ತದೆ ಅಂತ ಮೊದಲು ಕೇಳುತ್ತೇನೆ.

ಪರದೆ ವಾಲಿಸಿದರೆ ಸಾಫ್ಟ್‌ವೇರಿಗೂ ಹೇಳಬೇಕು. ಗೇಮ್‌ಗಳನ್ನು ಹೆಡ್‌ಸೆಟ್‌ಗೆ ಜೋಡಿಸುವ ಸ್ಟೀಮ್‌ವಿಆರ್ ಅನ್ನೋ ಸಾಫ್ಟ್‌ವೇರಿನ ಡ್ರೈವರ್‌ನಲ್ಲಿ ಪ್ರತಿ ಕಣ್ಣಿನ ದಿಕ್ಕು ಬರೆಯಲು ಜಾಗ ಇದೆ, ಬರೆದೆ. ಕೆಲವು ಗೇಮ್‌ಗಳು ಅದನ್ನು ಓದುವುದೇ ಇಲ್ಲ. ಎರಡೂ ಕಣ್ಣು ನೇರ ಮುಂದಕ್ಕೆ ನೋಡುತ್ತಿವೆ ಅಂದುಕೊಂಡೇ ಬರೆದ ಗೇಮ್‌ಗಳು ಅವು. ಅವುಗಳಲ್ಲಿ ಒಂದು ಕಂಬ ಎರಡಾಗಿ ಕಾಣುತ್ತಿತ್ತು. ಅಂಥವಕ್ಕೆ ಸುಳ್ಳು ಹೇಳಬೇಕು: ಪರದೆ ನೇರವಾಗಿದೆ ಅಂತ ಹೇಳಿ, ದೊಡ್ಡ ಚಿತ್ರ ಬರೆಸಿ, ನಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುವುದು. ಆದರೆ ಚಪ್ಪಟೆ ಚಿತ್ರ ಅಂಚಿಗೆ ಹೋದಂತೆ ಹಿಗ್ಗುತ್ತದೆ. ವಾಲಿಸಿ ಬರೆದರೆ ಸಾಕಾಗುತ್ತಿದ್ದ ಅಗಲಕ್ಕಿಂತ, ನೇರ ಬರೆಸಿದರೆ ಮೂರನೇ ಒಂದು ಪಾಲಿಗೂ ಹೆಚ್ಚು ಜಾಸ್ತಿ ಬೇಕು. ಅದಕ್ಕೆ ಪಾಪ, ಗ್ರಾಫಿಕ್ಸ್ ಕಾರ್ಡ್ ಫ್ಯಾನು ಹೇರ್ ಡ್ರೈಯರ್ ತರ ಕೂಗುತ್ತದೆ.

ಇದೇ ಹಿಗ್ಗುವಿಕೆ ಪರದೆಯಲ್ಲೂ ಇದೆ. ಒಳ್ಳೆಯ ಕಣ್ಣಿಗೆ ಡಿಗ್ರಿಗೆ 60 ಪಿಕ್ಸೆಲ್ ಬೇಕು. ನನ್ನ ಡಬ್ಬಿಯಲ್ಲಿ ಲೆಕ್ಕದ ಪ್ರಕಾರ ನಡುವೆ ಸಿಗುವುದು 18. ಅಂಚಿನಲ್ಲಿ 40 ದಾಟುತ್ತದೆ! ಕಣ್ಣು ಮಸುಕಾಗಿ ನೋಡುವ ಕಡೆ ಪಿಕ್ಸೆಲ್ ಜಾಸ್ತಿ, ದಿಟ್ಟಿಸುವ ಕಡೆ ಬರ.

ನನ್ನನ್ನು ನಿಜವಾಗಿ ಸೋಲಿಸಿದ್ದು ಬೇರೆಯೇ. ಲೆನ್ಸ್ ಚಿತ್ರವನ್ನು ಬಗ್ಗಿಸುತ್ತದೆ, ಅದಕ್ಕೆ ಸಾಫ್ಟ್‌ವೇರಿನಲ್ಲಿ ಎದುರು ಬಗ್ಗಿಸಿ ಸರಿ ಮಾಡುತ್ತೇವೆ. ಕಣ್ಣಿನ ಪಾಪೆ ಇರಬೇಕಾದ ಕಡೆ ಫೋನಿನ ಕ್ಯಾಮೆರಾ ಇಟ್ಟು, ಚೌಕಳಿ ಗೆರೆ ತೋರಿಸಿ, ನೇರ ಬರುವ ತನಕ ತಿದ್ದಿದೆ. ಕ್ಯಾಮೆರಾದಲ್ಲಿ ಗೆರೆಗಳು ಸ್ಕೇಲ್ ಇಟ್ಟು ಎಳೆದಂತಿದ್ದವು. ನಾನು ಹಾಕಿಕೊಂಡು ಪಕ್ಕಕ್ಕೆ ಕಣ್ಣು ಹೊರಳಿಸಿದರೆ, ಇಡೀ ಕೋಣೆ ಕೆರೆಯ ನೀರಿನಲ್ಲಿ ಕಂಡ ಹಾಗೆ ಈಜಿತು. ಹೊಟ್ಟೆ ತೊಳಸಿತು.

ಕಾರಣ ಹೊಳೆಯಲು ತಿಂಗಳುಗಳೇ ಬೇಕಾದವು. ಕಣ್ಣು ಹೊರಳುವುದು ಪಾಪೆಯ ಹಿಂದೆ, ಸುಮಾರು 10 ಮಿ.ಮೀ. ಒಳಗಿನ ಒಂದು ಬಿಂದುವಿನ ಸುತ್ತ. 30 ಡಿಗ್ರಿ ಪಕ್ಕಕ್ಕೆ ನೋಡಿದರೆ ಪಾಪೆ 5 ಮಿ.ಮೀ. ಜರುಗಿರುತ್ತದೆ. ಜರುಗಿದ ಜಾಗದಿಂದ ಲೆನ್ಸ್ ಬೇರೆ ರೀತಿ ಬಗ್ಗಿಸುತ್ತದೆ, ನನ್ನ ತಿದ್ದುಪಡಿ ಹಳೆಯ ಜಾಗದ್ದು. ಕಿರಿದಾದ ನೋಟದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಅಂಚಿನ ಕಡೆ ಕಣ್ಣು ಹೊರಳಿಸಲು ಅಲ್ಲೇನೂ ಇರುವುದಿಲ್ಲವಲ್ಲ. ಕಣ್ಣನ್ನು ಹಿಂಬಾಲಿಸಿ ಪ್ರತಿ ಕ್ಷಣ ತಿದ್ದಿದರೆ ಸರಿಹೋದೀತು, ಅದು ನನ್ನ ಕೈಗೆಟುಕುವ ಕೆಲಸವಲ್ಲ. ಕ್ಯಾಮೆರಾವನ್ನು ಐದು ದಿಕ್ಕಿಗೆ ಹೊರಳಿಸಿ ಅಳೆದೆ. ಯಾವ ದಿಕ್ಕಿಗೂ ಪೂರ್ತಿ ಸರಿ ಇಲ್ಲದ, ಯಾವ ದಿಕ್ಕಿಗೂ ತೀರಾ ಕೆಡದ ಒಂದು ರಾಜಿ ಲೆಕ್ಕ ಹಾಕಿದೆ. ಈಗ ನೇರ ನೋಡಿದಾಗ ಗೆರೆ ಚೂರು ಬಾಗಿದೆ. ಆದರೆ ಕೋಣೆ ಈಜುವುದಿಲ್ಲ.

ಉಳಿದ ತೊಂದರೆಗಳಿಗೆ ಒಗ್ಗಿಕೊಂಡಿದ್ದೇನೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದರೆ ಫ್ರೆನೆಲ್ ಉಂಗುರಗಳು ಬೆಳಕನ್ನು ಎಳೆಯುತ್ತವೆ, ಮಳೆಯ ರಾತ್ರಿ ಎದುರು ಬರುವ ಲಾರಿಯ ಲೈಟಿನ ತರ. ಪರದೆ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ, ತಲೆ ಬೇಗ ತಿರುಗಿಸಿದರೆ ಅಂಚು ಬಳಿದಂತಾಗುತ್ತದೆ.

ಕಳೆದ ವಾರ ತಂಗಿ ಹಾಕಿಕೊಂಡಳು. ಅವಳ ಕಣ್ಣುಗಳ ನಡುವೆ 58 ಮಿ.ಮೀ. ಲೆನ್ಸ್ ಹತ್ತಿರ ತರೋಣ ಅಂದರೆ ಪರದೆಗಳು ಆಗಲೇ ಮೂಗಿನ ಮೇಲೆ ಅಂಟಿಕೊಂಡು ಕೂತಿವೆ. "ಇದು ನಿನ್ನ ತಲೆಗೇ ಹೊಲಿಸಿದ ಟೋಪಿ" ಅಂದಳು. ನಾಲ್ಕನೆಯ ಡಬ್ಬಿಗೆ 2.9 ಇಂಚಿನ ಚೌಕ ಪರದೆ ನೋಡುತ್ತಿದ್ದೇನೆ. ಅದಕ್ಕೆ ಇನ್ನೂ ಹೆಚ್ಚು ಪವರಿನ ಲೆನ್ಸ್ ಬೇಕು. ಐದು ದಿಕ್ಕಿನ ಅಳತೆ ಮತ್ತೆ ಮೊದಲಿಂದ.