ಪಂಚೆ ಉಟ್ಟ ಅಜ್ಜನನ್ನು ಓಡಿಸಿದ್ದು

"ದೊಡ್ಡಪ್ಪ, ಆ ತೆಂಗಿನಮರದಿಂದ ಇಲ್ಲಿವರೆಗೆ ಸುಮ್ನೆ ನಡೆದು ಬನ್ನಿ" ಅಂದೆ. ಫೋನನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದೆ. ಕ್ಯಾಮೆರಾ ಕಂಡದ್ದೇ ತಡ, ಅವರು ಎದೆ ಸೆಟೆಸಿಕೊಂಡು ಮೆರವಣಿಗೆಗೆ ಹೊರಟವರ ಹಾಗೆ ಬಂದರು. ನಾಲ್ಕು ಸಲ ನಡೆಸಿದೆ, ನಾಲ್ಕು ಸಲವೂ ಅದೇ. ಕೊನೆಗೆ ಫೋನ್ ಹಾಗೇ ಬಿಟ್ಟು "ಅಯ್ಯೋ, ದನ ತೋಟಕ್ಕೆ ನುಗ್ತು!" ಅಂತ ಕೂಗಿದೆ. 68 ವರ್ಷದ ಮನುಷ್ಯ ಎಡಗೈಯಲ್ಲಿ ಪಂಚೆಯ ಚುಂಗು ಹಿಡಿದೆತ್ತಿ ಓಡಿದರು ನೋಡಿ, ನಮ್ಮ ಆಟದ ಅಜ್ಜ ಹುಟ್ಟಿದ್ದು ಅಲ್ಲಿ. ಆಮೇಲೆ ತಿಂದ ಬೈಗುಳವೂ ರೆಕಾರ್ಡ್ ಆಗಿದೆ.

ನಾನೂ ಒಬ್ಬ ಗೆಳೆಯನೂ ಸೇರಿ ಸಣ್ಣದೊಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಅವನದು ಕೋಡಿಂಗ್, ನನ್ನದು ಅನಿಮೇಶನ್. ಹಗಲು ನಾನು ಜಾಹೀರಾತುಗಳಿಗೆ ಅನಿಮೇಶನ್ ಮಾಡುವವನು. ಅಲ್ಲಿ ಪಾತ್ರ ನಾನು ಹೇಳಿದಾಗ ಹಾರುತ್ತದೆ. ಆಟದಲ್ಲಿ ಆಡುವವನ ಹೆಬ್ಬೆರಳು ಹೇಳಿದ ಗಳಿಗೆಗೆ ಹಾರಬೇಕು. ಇಷ್ಟು ತಲೆಗೆ ಹತ್ತೋಕೆ ನನಗೆ ಮೂರು ತಿಂಗಳು ಹಿಡಿಯಿತು.

ಮನೆಯವರನ್ನು ಹೀಗೆ ಓಡಿಸಿದ್ದು ನಾನೇ ಮೊದಲಲ್ಲ. 1989ರ ಪ್ರಿನ್ಸ್ ಆಫ್ ಪರ್ಷಿಯಾ ಆಟಕ್ಕೆ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನೇ ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಮೇಲೆ ಒಂದೊಂದೇ ಫ್ರೇಮ್ ಬಿಡಿಸಿದ್ದರು. ಆ ರಾಜಕುಮಾರ ನಿಜ ಮನುಷ್ಯನ ಹಾಗೆ ಓಡುತ್ತಾನೆ. ಹಾಗಾಗಿ ನಿಲ್ಲೋಕೂ ನಿಜ ಮನುಷ್ಯನ ಹಾಗೆ ಸ್ವಲ್ಪ ಜಾಗ ಬೇಕು ಅವನಿಗೆ.

ನಡಿಗೆಯಿಂದ ಶುರು ಮಾಡಿದೆ. ಬ್ಲೆಂಡರ್ ಅನ್ನುವ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ, ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ, 30 ಫ್ರೇಮಿನ ಒಂದು ಸುತ್ತು, ಅಂದರೆ ಒಂದು ಸೆಕೆಂಡಿಗೆ ಎರಡು ಹೆಜ್ಜೆ. ಹಿಮ್ಮಡಿ ಊರಿದ್ದು, ಮೈ ತಗ್ಗಿದ್ದು, ಒಂದು ಕಾಲು ಇನ್ನೊಂದನ್ನು ದಾಟಿದ್ದು, ಮೈ ಮೇಲೆದ್ದದ್ದು, ಹೀಗೆ ಹೆಜ್ಜೆಗೆ ನಾಲ್ಕು ಭಂಗಿ. ದೊಡ್ಡಪ್ಪ ಬಲಗಾಲನ್ನು ಚೂರು ಹೊರಗೆ ಬೀಸಿ ಇಡುತ್ತಾರೆ. ಅದನ್ನು ಹಾಗೇ ಉಳಿಸಿಕೊಂಡೆ. ಸುತ್ತು ತಿರುಗಿಸಿ ನೋಡಿದರೆ ಪ್ರತಿ ಸೆಕೆಂಡಿಗೊಮ್ಮೆ ಅಜ್ಜ ಏನೋ ಮರೆತವನ ಹಾಗೆ ತಡೆದು ಮುಂದೆ ಹೋಗುತ್ತಿದ್ದ. ಮೊದಲ ಭಂಗಿ, ಕೊನೆಯ ಭಂಗಿ ಎರಡೂ ಒಂದೇ ಇದ್ದವು. ತಪ್ಪಿದ್ದದ್ದು ಗ್ರಾಫ್ ಎಡಿಟರ್‌ನಲ್ಲಿ, ಅಂದರೆ ಚಲನೆಯನ್ನು ಗೆರೆಗಳಾಗಿ ತೋರಿಸುವ ಕಡೆ. ಎರಡೂ ತುದಿಯಲ್ಲಿ ಗೆರೆಗಳು ಮಲಗಿಬಿಟ್ಟಿದ್ದವು. ಗೆರೆ ಮಲಗಿದಲ್ಲಿ ವೇಗ ಸೊನ್ನೆ, ಅಲ್ವಾ? ಗೆರೆಯನ್ನು ಸುತ್ತಾಗಿ ಮರುಕಳಿಸುವ ಸೈಕಲ್ಸ್ ಮಾಡಿಫೈಯರ್ ಹಾಕಿದ ಮೇಲೆ ಕೊನೆಯ ಗೆರೆ ಮೊದಲಿನದಕ್ಕೆ ಕೂಡಿಕೊಂಡಿತು.

ಆಟ ಕಟ್ಟುವ ಸಾಫ್ಟ್‌ವೇರ್ ಯೂನಿಟಿಗೆ ಹಾಕಿದಾಗ ಹೊಸ ತಂಟೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಹಾಗೆ ಅಜ್ಜನ ಕಾಲು ಜಾರುತ್ತಿತ್ತು. ಲೆಕ್ಕ ಸರಳ. ಹೆಜ್ಜೆ 55 ಸೆಂಟಿಮೀಟರ್, ಸೆಕೆಂಡಿಗೆ ಎರಡು, ಅಂದರೆ 1.1 ಮೀಟರ್. ಗೆಳೆಯ ಕೋಡ್‌ನಲ್ಲಿ 1.6 ಇಟ್ಟಿದ್ದ. ನಡಿಗೆಗೆ 1.1 ಇಡಿಸಿದೆ, ಅದಕ್ಕಿಂತ ಜಾಸ್ತಿ ಆದರೆ ಓಟ ಬೆರೆಯುತ್ತಾ ಹೋಗುವ ಹಾಗೆ ಬ್ಲೆಂಡ್ ಟ್ರೀ ಮಾಡಿದೆವು. ಈ ಬೆರಕೆಗೆ ಒಂದು ಕಟ್ಟುಪಾಡಿದೆ: ನಡಿಗೆ, ಓಟ ಎರಡರಲ್ಲೂ ಎಡಗಾಲು ನೆಲ ಮುಟ್ಟುವುದು ಸುತ್ತಿನ ಒಂದೇ ಜಾಗದಲ್ಲಿ ಇರಬೇಕು. ನನ್ನ ಓಟ ಬಲಗಾಲಿಂದ ಶುರುವಾಗಿತ್ತು. ಎರಡೂ ಬೆರೆತು ಅಜ್ಜ ಕುಂಟತೊಡಗಿದ.

ಜಿಗಿತದ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಡಿಸ್ನಿಯ ಹಳಬರು ಕಟ್ಟಿಕೊಟ್ಟ 12 ತತ್ವಗಳಲ್ಲಿ ಒಂದು ಪೂರ್ವಸಿದ್ಧತೆ. ಹಾರುವ ಮೊದಲು ಮೈ ಕುಗ್ಗಬೇಕು. ನಾನು 9 ಫ್ರೇಮ್ ಚೆಂದವಾಗಿ ಕುಗ್ಗಿಸಿದ್ದೆ. ಗೆಳೆಯ ಆಡಿ ನೋಡಿ, "ನಿಮ್ಮಜ್ಜ ಅರ್ಜಿ ಕೊಟ್ಟು ಹಾರ್ತಾನೆ ಕಣೋ" ಅಂದ. ಬೇಜಾರಾಯಿತು, ಆದರೆ ಅವನು ಹೇಳಿದ್ದು ನಿಜ. 9 ಫ್ರೇಮ್ ಅಂದರೆ 0.3 ಸೆಕೆಂಡ್. ಅದು ಸಾಲದು ಅಂತ ಹ್ಯಾಸ್ ಎಕ್ಸಿಟ್ ಟೈಮ್ ಅನ್ನುವ ಟಿಕ್ ತೆಗೆಯೋದು ಮರೆತಿದ್ದೆ. ಯೂನಿಟಿ ಅದನ್ನು ತಾನೇ ಹಾಕಿಕೊಂಡಿರುತ್ತದೆ. ಟಿಕ್ ಇದ್ದರೆ ನಡಿಗೆಯ ಸುತ್ತು ಒಂದು ಹಂತ ಮುಟ್ಟುವವರೆಗೂ ಜಿಗಿತ ಕಾಯುತ್ತದೆ. ಅಷ್ಟರಲ್ಲಿ ಅಜ್ಜ ಹೊಂಡದಲ್ಲಿ. ಟಿಕ್ ತೆಗೆದೆ, ಕುಗ್ಗುವುದನ್ನು 2 ಫ್ರೇಮಿಗೆ ಇಳಿಸಿದೆ. ಹಾಗಾದರೆ ಮೈಭಾರ ತೋರಿಸೋದು ಎಲ್ಲಿ? ಇಳಿದ ಮೇಲೆ. ಮಂಡಿ ಮಡಿಯುತ್ತದೆ, ಹೆಗಲ ಟವೆಲ್ ತಡವಾಗಿ ಬಂದು ಬೀಳುತ್ತದೆ, ತಲೆ ಒಂದು ಸಲ ತೂಗುತ್ತದೆ. ನಡುವೆ ಬೆರಳು ಒತ್ತಿದರೆ ಅದೆಲ್ಲ ಅಲ್ಲಿಗೇ ಕಟ್.

ಇನ್ನು ಪಂಚೆ. ಪ್ರತಿ ಹೆಜ್ಜೆಗೂ ಮಂಡಿ ಬಟ್ಟೆ ತೂರಿ ಹೊರಗೆ ಬರುತ್ತಿತ್ತು. ಅಜ್ಜನನ್ನು ಅಲುಗಿಸುವ ಒಳಗಿನ ಮೂಳೆಗೂಡಿನಲ್ಲಿ (ರಿಗ್) ಯಾವ ಮೂಳೆ ಬಟ್ಟೆಯನ್ನು ಎಲ್ಲಿ ಎಷ್ಟು ಎಳೆಯಬೇಕು ಅಂತ ಹೇಳುವ ವೆಯ್ಟ್ ಪೇಂಟ್ ಎರಡು ವಾರ ತಿದ್ದಿದೆ. ಆಮೇಲೆ ಬುದ್ಧಿ ಬಂದು ಪಂಚೆಯೊಳಗಿನ ಕಾಲನ್ನೇ ಅಳಿಸಿ ಹಾಕಿದೆ. ಕಾಣದ ಕಾಲು ಯಾಕೆ ಬೇಕು? ಮೀನಖಂಡದಿಂದ ಕೆಳಗೆ ಮಾತ್ರ ಉಳಿದಿದೆ. ಬಟ್ಟೆಗೆ ಆರು ಮೂಳೆ ಕೊಟ್ಟೆ, ಬಟ್ಟೆಯ ಓಲಾಟವನ್ನು ಆಡುವಾಗಲೇ ಲೆಕ್ಕ ಹಾಕುವ ಕ್ಲಾತ್ ಸಿಮ್ಯುಲೇಶನ್ ಹಾಕಿದರೆ ಅಗ್ಗದ ಫೋನು ಎಳೆಯೋದಿಲ್ಲ.

ಓಡುವ ಮೊದಲು ಅಜ್ಜ ಪಂಚೆ ಎತ್ತಿ ಕಟ್ಟಬೇಕು ಅಂತ ನನ್ನ ಹಟ. ಕಟ್ಟೋಕೆ ಒಂದು ಸೆಕೆಂಡ್ ಬೇಕು, ಆಡುವವರು ಅಷ್ಟು ಹೊತ್ತು ಕಾಯೋದಿಲ್ಲ. ದಾರಿ ಸಿಕ್ಕಿದ್ದು ದನದ ವಿಡಿಯೋದಲ್ಲಿ. ದೊಡ್ಡಪ್ಪ ನಿಂತು ಕಟ್ಟಿಕೊಳ್ಳಲೇ ಇಲ್ಲ. ಕಾಲು ಮೊದಲು ಓಡಿತು, ಕೈ ಆಮೇಲೆ ಚುಂಗು ಹಿಡಿಯಿತು, ಕಟ್ಟಿದ್ದು ಬೇಲಿ ಹತ್ತಿರ ಹೋದ ಮೇಲೆ. ಹಾಗಾಗಿ ಸೊಂಟದ ಮೇಲಿನ ಅರ್ಧಕ್ಕೆ ಬೇರೆ ಲೇಯರ್ ಮಾಡಿ, ಅದು ಕಾಲಿಗೆ ತಾಗದ ಹಾಗೆ ಮಾಸ್ಕ್ ಹಾಕಿದೆ. ಬೆರಳು ಒತ್ತಿದ ಕೂಡಲೇ ಕಾಲು ಓಡುತ್ತದೆ, ಕೈ ತನ್ನ ಪಾಡಿಗೆ ಚುಂಗು ಎತ್ತುತ್ತದೆ. ಓಟ ಮುಂದುವರಿದರೆ ಮಾತ್ರ ಕಟ್ಟುತ್ತದೆ. ಎತ್ತಿ ಕಟ್ಟಿದ ಪಂಚೆ ಬೇರೆಯೇ ಮೆಶ್, ಅಂದರೆ ಬೇರೆಯೇ 3D ಆಕಾರ. ಅದಲುಬದಲು ಆಗೋದು ಎರಡೂ ಕೈ ಸೊಂಟದ ಮುಂದೆ ಬಂದಿರುವ ಫ್ರೇಮಿನಲ್ಲಿ. ಇದುವರೆಗೆ ಯಾರೂ ಹಿಡಿದಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪನ ಕೈಗೆ ಫೋನ್ ಕೊಟ್ಟೆ. ಹತ್ತು ನಿಮಿಷ ಆಡಿದರು. ನಡಿಗೆ ಯಾರದು ಅಂತ ಕೇಳಲಿಲ್ಲ.

"ಎಂತ ಮಾರಾಯ, ಮಳೆಗಾಲದಲ್ಲಿ ಚಪ್ಪಲಿ ಹಾಕ್ಕೊಂಡು ಯಾರಾದ್ರೂ ತೋಟದಲ್ಲಿ ಓಡ್ತಾರಾ?"

ಚಪ್ಪಲಿ ಬಿಚ್ಚಿಸಿದರೆ ಕಾಲ್ಬೆರಳು ಕಾಣುತ್ತವೆ. ಕೆಸರಲ್ಲಿ ಬೆರಳು ಒತ್ತಿ ಹಿಡಿಯಬೇಕು. ನನ್ನ ರಿಗ್‌ನಲ್ಲಿ ಇಡೀ ಪಾದಕ್ಕೆ ಇರೋದು ಒಂದೇ ಮೂಳೆ.