ಹುಟ್ಟಿದ ಕೂಸಿಗೆ ಎಷ್ಟು ಹಾಲು ಸಾಕು? ಮೊದಲ ವಾರದ ಲೆಕ್ಕ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಏಪ್ರಿಲ್–ಮೇ ದಿನಗಳಲ್ಲಿ ಬಾಣಂತಿಯಿರುವ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ಕೂಸಿನ ಗಂಟಲು ಒಣಗುವುದಿಲ್ಲವೇ, ಎರಡು ಚಮಚ ನೀರು ಹಾಕಬಾರದೇ? ಹಾಕಬಾರದು. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವುದರಿಂದ, ಬಿರುಬೇಸಿಗೆಯಲ್ಲಿಯೂ ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ. ಎಳೆಯ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಬೇಗ ಹೊರಹಾಕಲಾರವು. ರಕ್ತದಲ್ಲಿ ಸೋಡಿಯಂ ಅಂಶ ಇಳಿದರೆ ಕೂಸಿಗೆ ಫಿಟ್ಸ್ ಬರಬಹುದು. ಸಕ್ಕರೆ ನೀರು, ಔಡಲ ಎಣ್ಣೆ, ಜೇನುತುಪ್ಪ ಯಾವುದೂ ಬೇಡ.

ಮೊದಲ ಕೆಲಸವೆಂದರೆ ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚುವುದು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ನರ್ಸ್ ಸಹಾಯದಿಂದ ಇದು ಸಾಧ್ಯ. ಆ ದಿನ ಬರುವ ಹಳದಿ ಬಣ್ಣದ ಮಂದ ಹಾಲು ಕೆಲವೇ ಚಮಚಗಳಷ್ಟಿರುತ್ತದೆ. ಅದನ್ನು ಕಂಡು ‘ಹಾಲೇ ಬಂದಿಲ್ಲ’ ಎಂದು ಡಬ್ಬಿ ಹಾಲಿಗೆ ಕೈಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯವಾದ, ಅಷ್ಟೇ ಅನಗತ್ಯವಾದ ಅವಸರ. ದಿನ ತುಂಬಿ ಹುಟ್ಟಿದ ಕೂಸಿನ ತೂಕದಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ. ಅದರಲ್ಲಿ ಹೆಚ್ಚಾದದ್ದನ್ನು ದೇಹ ಮೊದಲ ದಿನಗಳಲ್ಲಿ ತಾನೇ ಹೊರಹಾಕುತ್ತದೆ. ಹೀಗಾಗಿ ಆರೋಗ್ಯವಂತ ಕೂಸಿಗೆ ಆ ಕೆಲವು ಚಮಚಗಳೇ ಸಾಕು.

ಮುಂದೆ ದಿನ-ರಾತ್ರಿ ಸೇರಿ 8ರಿಂದ 12 ಬಾರಿ ಹಾಲೂಡಿಸಬೇಕು. ಎರಡು–ಮೂರು ಗಂಟೆಯಾದರೂ ಏಳದ ಕೂಸನ್ನು ಅಂಗಾಲು ಸವರಿ, ಹೊದಿಕೆ ಸಡಿಲಿಸಿ ಎಬ್ಬಿಸಬೇಕು. ಕೂಸು ಅತ್ತಾಗ ಮಾತ್ರ ಹಾಲು ಎಂಬ ಲೆಕ್ಕ ಮೊದಲ ವಾರಕ್ಕೆ ಸಲ್ಲದು, ಏಕೆಂದರೆ ನೀರಿನಂಶ ಕಡಿಮೆಯಾಗಿ ಸೊರಗಿದ ಕೂಸು ಅಳುವುದನ್ನೇ ಬಿಟ್ಟು ಮಲಗಿಬಿಡುತ್ತದೆ.

ಹಾಲು ಹೊಟ್ಟೆಗೆ ಹೋಗುತ್ತಿದೆಯೇ ಎಂಬುದನ್ನು ತಿಳಿಯುವ ಖಚಿತ ದಾರಿ ಒದ್ದೆ ಬಟ್ಟೆಗಳ ಎಣಿಕೆ. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು; ಐದನೆಯ ದಿನದ ನಂತರ ಕನಿಷ್ಠ ಆರು ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು. ಡೈಪರ್ ಹಾಕಿದರೆ ಈ ಎಣಿಕೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಮೊದಲ ವಾರ ಹಳೆಯ ಹತ್ತಿ ಬಟ್ಟೆಯೇ ಉತ್ತಮ. ಮೊದಲ ಎರಡು ದಿನ ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡರೆ ಗಾಬರಿ ಬೇಡ. ಆದರೆ ನಾಲ್ಕನೆಯ ದಿನವೂ ಅದು ಕಾಣುತ್ತಿದ್ದರೆ ಹಾಲು ಸಾಲುತ್ತಿಲ್ಲವೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಕಪ್ಪಗಿದ್ದ ಮಲವೂ ಐದನೆಯ ದಿನದ ಹೊತ್ತಿಗೆ ಹಳದಿಯಾಗಬೇಕು.

ಎರಡನೆಯ ಅಳತೆ ತೂಕ. ಮೂರು ಕೆ.ಜಿ. ಕೂಸು ಮೊದಲ ದಿನಗಳಲ್ಲಿ 200 ಗ್ರಾಂನಷ್ಟು ಇಳಿದರೆ ಅದು ಸಹಜ. ಇಳಿತ 300 ಗ್ರಾಂ, ಅಂದರೆ ನೂರಕ್ಕೆ ಹತ್ತು ದಾಟಿದರೆ ಪರೀಕ್ಷೆ ಅಗತ್ಯ. ಎರಡು ವಾರದೊಳಗೆ ಹುಟ್ಟಿದ ತೂಕ ಮರಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14ನೆಯ ದಿನಗಳಂದು ಬಂದಾಗ ತೂಕ ಹಾಕಿಸಿ ಬರೆಸಿಕೊಳ್ಳಬೇಕು.

ಅವಧಿಗೆ ಮುನ್ನ ಹುಟ್ಟಿದ ಅಥವಾ ಹಾಲು ಚೀಪಲಾರದ ಕೂಸಿನ ಲೆಕ್ಕ ಬೇರೆ. ಅದನ್ನು ಆಸ್ಪತ್ರೆಯವರು ಮಿ.ಲೀ.ಗಳಲ್ಲಿಯೇ ಮಾಡುತ್ತಾರೆ: ಮೊದಲ ದಿನ ಸಾಮಾನ್ಯವಾಗಿ ಪ್ರತಿ ಕೆ.ಜಿ.ಗೆ 60 ಮಿ.ಲೀ., ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಕವಿದ್ದರೆ 80. ನಂತರ ದಿನಕ್ಕೆ 15–20 ಏರಿಸುತ್ತ ವಾರದ ಹೊತ್ತಿಗೆ 150ರ ಸುಮಾರಿಗೆ. ಸಣ್ಣ ಕೂಸಿನ ತೆಳು ಚರ್ಮದಿಂದ ನೀರು ಬೇಗ ಆವಿಯಾಗುವುದರಿಂದಲೇ ಅದಕ್ಕೆ ಹೆಚ್ಚು ಬೇಕು. 1.8 ಕೆ.ಜಿ. ಕೂಸಿಗೆ ಮೊದಲ ದಿನ 108 ಮಿ.ಲೀ.; ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಬಾರಿಗೆ 9 ಮಿ.ಲೀ. ಮಾತ್ರ. ಹಿಂಡಿದ ತಾಯಿಹಾಲನ್ನು ನಳಿಕೆಯಿಂದಲೋ ಒಳಲೆಯಿಂದಲೋ ಕೊಡುತ್ತಾರೆ, ಅದೂ ಸಾಧ್ಯವಾಗದಿದ್ದರೆ ಸಲೈನ್ ಮೂಲಕ ಗ್ಲೂಕೋಸ್ ದ್ರವ. ಈ ಅಂಕಿಗಳನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಬಾಣಂತಿ ಕೋಣೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿಯೂ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಕುಂಚಿಗೆಯ ಮೇಲೆ ಕಂಬಳಿ ಸುತ್ತಿದರೆ ಕೂಸಿನ ಮೈಯ ನೀರು ಆರಿ ಜ್ವರವೇ ಬರಬಹುದು. ಗಾಳಿಯಾಡುವ ಕೋಣೆ, ಒಂದೆರಡು ಪದರ ಹತ್ತಿ ಬಟ್ಟೆ ಸಾಕು. ಬಾಣಂತಿಗೆ ನೀರು ಕೊಡದಿರುವ ಪದ್ಧತಿಯೂ ಹೋಗಬೇಕು. ಬಾಯಾರಿದಷ್ಟೂ ಆಕೆ ಕುಡಿಯಲಿ.

ಹುಟ್ಟಿ 24 ಗಂಟೆಯಾದರೂ ಮೂತ್ರವಾಗದಿದ್ದರೆ ನರ್ಸ್‌ಗೆ ತಿಳಿಸಬೇಕು. ಮನೆಗೆ ಬಂದ ಮೇಲೆ ಎಂಟು ಗಂಟೆ ಬಟ್ಟೆ ಒಣಗಿಯೇ ಇದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಒಳಗಿಳಿದಿದ್ದರೆ, ಮೈ ಬಿಸಿಯಾಗಿದ್ದರೆ ಅಥವಾ ತಣ್ಣಗಾಗಿದ್ದರೆ, ಹಾಲು ಚೀಪುವುದನ್ನು ಬಿಟ್ಟರೆ ಮರುದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕೂಸಿನ ಚಿಕಿತ್ಸೆಯೂ ಸಾಗಾಟವೂ ಉಚಿತ. ಅಥಣಿಯಿಂದ ಬೆಳಗಾವಿಗೆ ಹೋಗುವಷ್ಟು ದೂರದ ದಾರಿಯಾದರೆ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಂಡು, ಎಚ್ಚರವಿದ್ದು ನುಂಗುತ್ತಿರುವಷ್ಟು ಹೊತ್ತೂ ದಾರಿಯುದ್ದಕ್ಕೂ ಹಾಲು ಕೊಡುತ್ತಿರಬೇಕು.