ಮೀನೆಣ್ಣೆ ಗುಳಿಗೆ: ಡಬ್ಬಿ ತಿರುಗಿಸಿ ಓದಿ

ಮೊನ್ನೆ ನಮ್ಮ ಕಾಕಾ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದವರು ಮೀನೆಣ್ಣೆ ಗುಳಿಗೆಯ ಡಬ್ಬಿ ತಂದರು. "ಸಾವಿರ ಮಿಲಿಗ್ರಾಂ ಅದ ನೋಡು" ಎಂದು ಹಿಗ್ಗಿದರು.

ಡಬ್ಬಿ ತಿರುಗಿಸಿ, ಅದೇ ಮೊದಲ ಕೆಲಸ. ಮುಂದೆ ದಪ್ಪಗೆ ಬರೆದ 1000 ಎಂಬುದು ಬರೀ ಎಣ್ಣೆಯ ತೂಕ. ಕೆಲಸ ಮಾಡುವ ಒಮೆಗಾ-3 ಎಂಬ ಕೊಬ್ಬಿನಂಶ ಎಷ್ಟಿದೆ ಎಂಬುದು ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಮೀನೆಣ್ಣೆಯಲ್ಲಿರುವ ಒಮೆಗಾ-3ರ ಮುಖ್ಯ ಬಗೆಗಳು ಇಪಿಎ, ಡಿಎಚ್‌ಎ. ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120, ಕೂಡಿಸಿದರೆ 300 ಮಿಲಿಗ್ರಾಂ ಅಷ್ಟೇ. ಆ ಲೆಕ್ಕ ಒಂದು ಗುಳಿಗೆಗೋ ಎರಡಕ್ಕೋ ಎಂಬುದನ್ನೂ ನೋಡಿ.

ಆಮೇಲೆ, ಯಾಕೆ ನುಂಗುತ್ತಿದ್ದೀರಿ ಎಂದು ಕೇಳಿಕೊಳ್ಳಿ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬಾ ಜಾಸ್ತಿ ಇದ್ದವರಿಗೆ ವೈದ್ಯರು ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಬರೆದುಕೊಡುವುದುಂಟು. ಕಾಕಾನ ಡಬ್ಬಿಯಿಂದ 4 ಗ್ರಾಂ ಬೇಕೆಂದರೆ 13ಕ್ಕೂ ಹೆಚ್ಚು ಗುಳಿಗೆ! ಆ ಸಾಹಸ ಬೇಡ. ಸುಮ್ನೆ ಹೃದಯಕ್ಕೆ ಒಳ್ಳೆಯದು ಎಂದು ನುಂಗುವವರಿಗೂ ಒಂದು ಮಾತು: ಅಮೆರಿಕದಲ್ಲಿ ಸುಮಾರು 26 ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 1 ಗ್ರಾಂ ಮೀನೆಣ್ಣೆ, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಲಕ್ವ, ಹೃದ್ರೋಗದ ಸಾವು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹೇಳಿಕೊಳ್ಳುವಷ್ಟು ಇಳಿಕೆ ಇರಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು, ಆಪರೇಷನ್ ನಿಗದಿಯಾದವರು, ಎದೆಬಡಿತ ಏರುಪೇರಾಗುವವರು ಮೊದಲು ವೈದ್ಯರನ್ನು ಕೇಳಬೇಕು. ಹೆಚ್ಚಿನ ಪ್ರಮಾಣದಲ್ಲಿ ಬಡಿತ ಇನ್ನಷ್ಟು ತಪ್ಪಬಹುದು. ಕಾಡ್ ಮೀನಿನ ಲಿವರ್ ಎಣ್ಣೆ ಬೇರೆಯೇ ವಸ್ತು. ಅದರಲ್ಲಿ ಎ ವಿಟಮಿನ್ ಜಾಸ್ತಿ, ಬಸುರಿಯರಿಗೆ ಬೇಡ. ಕಾಕಾ ದಿನಾ ಆಸ್ಪಿರಿನ್ ನುಂಗುತ್ತಾರೆ. ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.

ವೈದ್ಯರು ಸರಿ ಎಂದರೆ ಊಟದ ಜೊತೆ ತೆಗೆದುಕೊಳ್ಳಿ. ಜಿಡ್ಡಿನ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ, ಮೀನು ವಾಸನೆಯ ತೇಗೂ ಕಡಿಮೆ.

ಇನ್ನು ನಮ್ಮೂರಿನ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು, ಅಲ್ವಾ? ಒಮ್ಮೆ ನಾನು ಡಬ್ಬಿಯನ್ನು ಒಲೆಯ ಪಕ್ಕದ ಮಾಡದಲ್ಲಿಟ್ಟು ಮರೆತೆ. ತೆರೆದಾಗ ಹಳೇ ಪೇಂಟಿನ ನಾತ. ಗಾಳಿ, ಬಿಸಿ ತಾಗಿದರೆ ಈ ಎಣ್ಣೆ ಬೇಗ ಕೆಡುತ್ತದೆ. ಅನುಮಾನ ಬಂದರೆ ಒಂದು ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಮೂಸಿ ನೋಡಿ, ಕಮಟು ಬಂದರೆ ಎಸೆಯಿರಿ. ನಿಂಬೆ ಸುವಾಸನೆ ಸೇರಿಸಿದ್ದರಲ್ಲಿ ಮಾತ್ರ ಮೂಗು ಮೋಸಹೋಗುತ್ತದೆ.

ಮೀನು ತಿನ್ನುವವರು ವಾರಕ್ಕೆರಡು ಸಲ ಬೂತಾಯಿ, ಬಂಗುಡೆ ತಿಂದರೆ ಗುಳಿಗೆಯ ಗೊಡವೆಯೇ ಬೇಡ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆ ಸಿಗುತ್ತದೆ, ಗುಳಿಗೆಯ ಹೊದಿಕೆಯೂ ಸಸ್ಯಮೂಲದ್ದೇ ಎಂದು ನೋಡಿಕೊಳ್ಳಿ. ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯಲ್ಲೂ ಒಮೆಗಾ-3 ಇದೆ, ಬೇರೆ ಬಗೆಯದು. ನಮ್ಮ ಮೈ ಅದರಲ್ಲಿ ಸ್ವಲ್ಪವನ್ನಷ್ಟೇ ಇಪಿಎ ಮಾಡಿಕೊಳ್ಳುತ್ತದೆ. ಕಾಕಾ ಸದ್ಯಕ್ಕೆ ಹಿಂಡಿಯನ್ನೇ ಹಚ್ಚಿಕೊಳ್ಳುತ್ತಿದ್ದಾರೆ. ಡಬ್ಬಿಯನ್ನು ಸೋಮವಾರ ವೈದ್ಯರ ಬಳಿ ಒಯ್ಯುತ್ತಾರಂತೆ.